ಸುಮ್ಮನೆ ಕುಳಿತು ಮಾರಿದ ಮೆಣಸಿನಕಾಯಿ

ಚೀನಾದಿಂದ ಮೆಣಸಿನಕಾಯಿ ಕೊಳ್ಳಲು ಬಂದ ಹೆಣ್ಣುಮಗಳು ಸಂತೆಕಲ್ಲೂರಿನ ನಮ್ಮ ಅಂಗಳದಲ್ಲಿ ಕುಳಿತು, ಒಂದು ಧಾರಣೆ ಹೇಳಿ ಸುಮ್ಮನಾದಳು. ಮೊಮ್ಮಕ್ಕಳೇ, ನಿಮ್ಮ ಮುತ್ಯಾ ತೀರಿಕೊಂಡ ಮೇಲೆ ನಾನೇ ಮಾಲು ಮಾರಬೇಕಾಗಿ ಬಂದ ಮೊದಲ ಸಲ ಅದು. ಧಾರಣೆ ಕಡಿಮೆಯೆಂದು ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ. ಸೆರಗು ಎಳೆದುಕೊಂಡು ಕಾಯಿಯ ತೊಟ್ಟು ಮುರಿಯುತ್ತ ಕುಳಿತೆ. ಅವಳೂ ಮಾತಾಡಲಿಲ್ಲ. ಚಹಾ ಆರಿಹೋಯಿತು.

“ಅತ್ತಿ, ಏನರ ಅನ್ರಿ,” ಎಂದು ನಿಮ್ಮವ್ವ ಹಿಂದಿನಿಂದ ತಿವಿದಳು.

ಕೊನೆಗೆ ಆ ಹೆಣ್ಣುಮಗಳೇ ನಕ್ಕು ಧಾರಣೆ ಏರಿಸಿದಳು. ಅವಳ ಇಂಗ್ಲಿಷನ್ನು ನಮಗೆ ತಿಳಿಸಲು ಬಂದಿದ್ದ ಸಿಂಧನೂರಿನ ದಲ್ಲಾಳಿ ಹೇಳಿದ: “ಅಮ್ಮಾರೆ, ಇವ್ರ ಕಡೆ ವ್ಯಾಪಾರದಾಗ ಸುಮ್ಮ ಕುಂತೇ ಎದುರಿನವ್ರನ್ನ ಸೋಲಸ್ತಾರಂತ. ನೀವು ಇವ್ರಿಗಿಂತ ಗಟ್ಟಿ ಅದೀರಂತ್ರೀ!”

ಇಲ್ಲದ ಹೆಸರು ಹೊತ್ತುಕೊಳ್ಳಲು ಮನಸ್ಸಾಗಲಿಲ್ಲ. “ಗಟ್ಟಿ ಎಲ್ಲಿದಪಾ, ನಾಚಿಕಿ ಬಂದು ಬಾಯಿ ಕಟ್ಟಿತ್ತು,” ಎಂದೆ.

ದಲ್ಲಾಳಿ ಅದನ್ನು ತಿಳಿಸುವಾಗ ನಿಮ್ಮವ್ವ ಹಣೆ ಚಚ್ಚಿಕೊಂಡಳು. ಏರಿದ ಧಾರಣೆ ಇನ್ನು ಇಳಿಯಿತೆಂದೇ ನಾನೂ ಅಂದುಕೊಂಡೆ. ಆ ಹೆಣ್ಣುಮಗಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಏರಿಸಿದ ಧಾರಣೆಗೇ ಅಷ್ಟೂ ಚೀಲ ತೂಗಿಸಿ, ಹೊರಡುವಾಗ ಖಾರ ಹತ್ತಿದ ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಈ ಸಲವೂ ಬರುತ್ತಾಳಂತೆ. “ಬಾಯಿ ತೆರೀಬ್ಯಾಡ್ರಿ ಅತ್ತಿ,” ಎಂದು ನಿಮ್ಮವ್ವ ಈಗಲೇ ಎಚ್ಚರಿಸಿದ್ದಾಳೆ. ನೀವು ಫೋನಿನಲ್ಲಿ ನೋಡಿ, “ಉಂಡು ಹೋಗವ್ವ” ಎನ್ನಲು ಅವಳ ಭಾಷೆಯಲ್ಲಿ ಏನೆನ್ನಬೇಕೆಂದು ಕಲಿಸಿಕೊಡಿ. ಅಷ್ಟನ್ನಾದರೂ ನಾನೇ ಬಾಯಿ ಬಿಟ್ಟು ಹೇಳಬೇಕು.