ಸೇವಂತಕ್ಕನ ಗಾಡಿಯಲ್ಲಿ ಬೆಂದ ಅನ್ನ

ನನ್ನ ಅಕ್ಷರ ದುಂಡಗಿಲ್ಲ, ಕ್ಷಮಿಸಬೇಕು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು, ದೊಡ್ಡ ಮಾತುಗಳೂ ಬರುವುದಿಲ್ಲ. ನಮ್ಮ ಪಂಚಾಯತಿನ ಗ್ರಂಥಾಲಯದ ಕೈಬರಹದ ಪತ್ರಿಕೆಗೆ ಊರಿನ ಯಾರಾದರೂ ಒಬ್ಬರ ಬಗ್ಗೆ ಬರೆದು ಕೊಡಬೇಕೆಂದು ಹೇಳಿದರು. ನಾನು ಪಕ್ಕದ ಮನೆಯ ಸೇವಂತಕ್ಕನ ಬಗ್ಗೆ ಬರೆದಿದ್ದೇನೆ. ಅವರು ಹೇಳಿದ್ದನ್ನು ಮೂರು ಸಲ ಕೇಳಿ ಬರೆದದ್ದು. ಎಲ್ಲಾದರೂ ತಪ್ಪಿದ್ದರೆ ಅದು ನನ್ನದು, ಅವರದ್ದಲ್ಲ.

ಸೇವಂತಕ್ಕನಿಗೆ ಐವತ್ತೆರಡು ವರ್ಷ. ಹುಟ್ಟಿದ್ದು ಸುಳ್ಯದ ಕಡೆ, ಮದುವೆಯಾಗಿ ಬಂದದ್ದು ಪುತ್ತೂರಿನ ಹತ್ತಿರದ ನಮ್ಮ ಸವಣೂರಿಗೆ. ಗಂಡ ತೀರ್ಥರಾಮಣ್ಣ ಮೂವತ್ತು ವರ್ಷ ಪ್ರವಾಸದ ವ್ಯಾನು ಓಡಿಸಿದವರು. ಶಾಲೆಯ ಮಕ್ಕಳು, ಮದುವೆಯ ದಿಬ್ಬಣ, ಸಂಘದ ಹೆಂಗಸರು, ಎಲ್ಲರನ್ನೂ ಕಡಲಿಗೆ ಕರೆದೊಯ್ದು ತೋರಿಸಿ ತಂದವರು. ಹೆಂಡತಿಯನ್ನು ಮಾತ್ರ ಒಮ್ಮೆಯೂ ಕರೆದೊಯ್ದಿರಲಿಲ್ಲ. ಸೀಟು ಖಾಲಿ ಇದ್ದ ದಿನ ದನ ಕರು ಹಾಕುವುದಿರುತ್ತಿತ್ತು, ಇಲ್ಲವೇ ಅತ್ತೆಗೆ ಜ್ವರ ಬಂದಿರುತ್ತಿತ್ತು. ಸವಣೂರಿನಿಂದ ಕಡಲಿಗೆ ಎರಡು ಗಂಟೆಯ ದಾರಿ. ಸೇವಂತಕ್ಕ ಅಷ್ಟು ವರ್ಷದಲ್ಲಿ ಕಡಲು ನೋಡಿದ್ದು ಎರಡೇ ಸಲ. ಒಮ್ಮೆ ಶಾಲೆಯಲ್ಲಿದ್ದಾಗ, ಇನ್ನೊಮ್ಮೆ ಉಳ್ಳಾಲದ ಒಂದು ಮದುವೆಗೆ ಹೋದಾಗ. ಆ ದಿನ ಪಟ್ಟೆಸೀರೆ ಒದ್ದೆಯಾಗುತ್ತದೆಂದು ನೀರಿಗೆ ಇಳಿಯಲೇ ಇಲ್ಲ.

ಮೂರು ವರ್ಷದ ಹಿಂದೆ ಸಕ್ಕರೆ ಕಾಯಿಲೆಯಿಂದ ತೀರ್ಥರಾಮಣ್ಣನ ಬಲಗಣ್ಣು ಮಂಜಾಯಿತು. ಅಲ್ಲಿಗೆ ಅವರ ಡ್ರೈವಿಂಗ್ ನಿಂತಿತು. ಹಳೆಯ ವ್ಯಾನು ಟರ್ಪಾಲು ಹೊದ್ದು ಕೊಟ್ಟಿಗೆಯ ಪಕ್ಕ ನಿಂತಿತು. ಬೆಳಗ್ಗೆ ಎದ್ದು ಅವರು ಅದರ ಕನ್ನಡಿ ಒರೆಸುವುದು, ಒಳಗೆ ಕೂತು ಹಾರ್ನು ಮುಟ್ಟಿ ಸುಮ್ಮನೆ ಇಳಿದು ಬರುವುದು. ಅದನ್ನು ಅಡುಗೆ ಮನೆಯ ಕಿಟಕಿಯಿಂದ ನೋಡಿ ನೋಡಿ ಸೇವಂತಕ್ಕನಿಗೆ ಸಾಕಾಗಿತ್ತು.

ಒಂದು ಆದಿತ್ಯವಾರ ತೀರ್ಥರಾಮಣ್ಣನ ಅಣ್ಣ ಬೆಳಿಯಪ್ಪ ಬಂದರು. ಆ ಕುಟುಂಬದಲ್ಲಿ ಅವರ ಮಾತೇ ಕೊನೆಯ ಮಾತು.

"ಇದನ್ನು ಗುಜರಿಗೆ ಕೊಡುವ," ಎಂದರು.

"ಬೇಡ ಬಾವ. ನಾನು ಕಲಿತು ಓಡಿಸ್ತೇನೆ," ಎಂದರು ಸೇವಂತಕ್ಕ.

ಬೆಳಿಯಪ್ಪ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದು ನಕ್ಕರು. "ಎಂತ? ನೀನಾ? ಹಟ್ಟಿಯಿಂದ ದನ ಹಿಂದೆ ಸರಿಸ್ಲಿಕ್ಕೆ ಆಗುದಿಲ್ಲ ನಿಂಗೆ, ಗಾಡಿ ಸರಿಸ್ತೀಯಾ?"

"ದನಕ್ಕೆ ರಿವರ್ಸ್ ಗೇರು ಇಲ್ಲ ಬಾವ. ಇದಕ್ಕೆ ಉಂಟು."

ಮಾತು ಬಂದದ್ದೇನೋ ಸುಲಭವಾಗಿ ಬಂತು. ಕಲಿಯುವುದು ಹಾಗಿರಲಿಲ್ಲ. ಶಾಲೆಯ ಮೈದಾನದಲ್ಲಿ ಗಂಡ ಪಕ್ಕದಲ್ಲಿ ಕೂತು, "ಕ್ಲಚ್ಚು ಬಿಡುದು ಹಾಲು ಕರೆದ ಹಾಗೆ ಮಾರಾಯ್ತಿ, ಮೆಲ್ಲ ಮೆಲ್ಲ," ಎನ್ನುತ್ತಿದ್ದರು. ಪುತ್ತೂರಿನಲ್ಲಿ ಪರೀಕ್ಷೆಯ ದಿನ ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿತು. ಸೇವಂತಕ್ಕ ನಾಪಾಸು. ಬಸ್ಸಿನಲ್ಲಿ ಮನೆಗೆ ಬಂದು ಎರಡು ಕಟ್ಟು ಹುಲ್ಲು ಹೆರೆದು ತಂದರು. ಎರಡನೆಯ ಸಲ ಪಾಸಾದರು.

ಗಾಡಿಯಲ್ಲೇ ಉಂಡು ಮಲಗಿ ಗಂಡನ ಜೊತೆ ಕಡಲ ದಡದುದ್ದಕ್ಕೂ ಹೋಗಬೇಕೆಂದು ಸೇವಂತಕ್ಕನ ಆಸೆ. ಅದಕ್ಕೆ ಉಪ್ಪಿನಂಗಡಿಯ ಆದಂ ಕುಂಞಿಯವರ ವೆಲ್ಡಿಂಗ್ ಅಂಗಡಿಗೆ ವ್ಯಾನು ಹೋಯಿತು. ಹಿಂದಿನ ಸೀಟುಗಳನ್ನು ಕಿತ್ತು ಹಲಗೆಯ ಮಂಚ, ಮಡಚುವ ಮೇಜು, ನೀರಿನ ಟಾಂಕಿ, ಒಲೆಯಿಡಲು ತಗಡಿನ ಕಟ್ಟೆ, ಎಲ್ಲ ಕೂರಿಸಿದರು.

"ಅಕ್ಕ, ಬಚ್ಚಲು ಎಲ್ಲಿ ಇಡುದು?" ಎಂದು ಆದಂ ಕುಂಞಿ ಕೇಳಿದರು.

"ಅಷ್ಟು ದೊಡ್ಡ ಕಡಲು ಉಂಟಲ್ಲ ಮಾರಾಯ್ರೆ!"

"ಅದು ಸರಿ. ಆದ್ರೆ ಒಂದು ನೆನಪಿಡಿ. ಇದು ಎರಡು ಕೆಜಿಯ ಸಣ್ಣ ಸಿಲಿಂಡರು. ಚಾಯ, ಮೊಟ್ಟೆ, ಅಷ್ಟಕ್ಕೇ."

ಸೇವಂತಕ್ಕ ತಲೆಯಾಡಿಸಿದರು. ಕೇಳಿಸಿಕೊಂಡದ್ದು ಹೌದು, ಮನಸ್ಸಿಗೆ ಹೋಗಲಿಲ್ಲ.

ಹೊರಡುವ ಹಿಂದಿನ ದಿನ ಬೆಳಿಯಪ್ಪ ಅಂಗಳಕ್ಕೆ ಬಂದು ಎಲ್ಲರೆದುರು ಹೇಳಿದರು: "ಮೂರು ದಿನ. ನಾಲ್ಕನೇ ದಿನಕ್ಕೆ ಇದೇ ಅಂಗಳದಲ್ಲಿ ಇರ್ತೀರಿ."

"ಕಾರವಾರದಲ್ಲಿ ಕಾಳಿ ನದಿಯ ಸಂಕ ದಾಟದೆ ಬರುದಿಲ್ಲ," ಎಂದರು ಸೇವಂತಕ್ಕ. "ಅದಕ್ಕಿಂತ ಮೊದಲು ತಿರುಗಿದ್ರೆ ಕೀ ನಿಮ್ಮ ಕೈಗೆ ಕೊಡ್ತೇನೆ. ಗುಜರಿಗೆ ಹಾಕಿ. ನಾನು ಮಾತಾಡುದಿಲ್ಲ."

ತೀರ್ಥರಾಮಣ್ಣ ಹೆಂಡತಿಯ ಮುಖ ನೋಡಿದರು. ತಾನು ಮೂವತ್ತು ವರ್ಷ ಓಡಿಸಿದ ಗಾಡಿಯನ್ನು ಸೇವಂತಕ್ಕ ಒಂದೇ ಮಾತಿಗೆ ಪಣಕ್ಕಿಟ್ಟಿದ್ದರು.

ಡಿಸೆಂಬರ್ ಮೊದಲ ವಾರ ಹೊರಟರು. ಪುತ್ತೂರು, ಮಾಣಿ ದಾಟಿ, ಮಂಗಳೂರಿನ ಗಿಜಿಗಿಜಿಯಲ್ಲಿ ಉಸಿರು ಬಿಗಿಹಿಡಿದು, ಸುರತ್ಕಲ್ ಕಳೆದ ಮೇಲೆ ಸೇವಂತಕ್ಕ ಮೊದಲ ಸಲ ಸೀಟಿಗೆ ಬೆನ್ನು ಕೊಟ್ಟರು. ಕಾಪುವಿನಲ್ಲಿ ಒಂದು ದಿನ, ಮಲ್ಪೆಯಲ್ಲಿ ಒಂದು ದಿನ. ಬೆಳಗ್ಗೆ ಬಾಗಿಲು ತೆರೆದರೆ ಎದುರಿಗೇ ಕಡಲು. ಈ ಸಲ ಅವರು ಸೀರೆ ನೆನೆಯುವಷ್ಟೂ ನೆನೆಯಲಿ ಎಂದು ಮೊಣಕಾಲುದ್ದ ನೀರಿನಲ್ಲಿ ನಿಂತರು. ತೀರ್ಥರಾಮಣ್ಣ ದಡದಲ್ಲಿ ಚಪ್ಪಲಿ ಹಿಡಿದು ನಿಂತಿದ್ದರು. "ನಾನು ಇಲ್ಲಿಗೆ ನೂರು ಸಲ ಬಂದಿದ್ದೇನೆ. ಗಾಡಿ ಕಾಯ್ತಾ ಇದ್ದೆ, ನೀರಿಗೆ ಇಳಿದವನಲ್ಲ," ಎಂದರು. ಸೇವಂತಕ್ಕ ಕೈ ಹಿಡಿದು ಎಳೆದರು.

ಮೂರನೆಯ ದಿನ ಮರವಂತೆ. ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ಗಾಡಿ ನಿಲ್ಲಿಸಿ ಒಲೆಯ ಮೇಲೆ ಅನ್ನಕ್ಕಿಟ್ಟರು. ಅನ್ನ ಎಂದರೆ ನಮ್ಮ ಕುಚ್ಚಿಲಕ್ಕಿ. ಮನೆಯಲ್ಲಾದರೆ ಬೆಳಗ್ಗೆ ಕಟ್ಟಿಗೆಯ ಒಲೆಗೆ ಏರಿಸಿದ್ದು, ಹಟ್ಟಿಯ ಕೆಲಸ ಮುಗಿಸಿ ಬರುವಾಗ ತಾನೇ ಬೆಂದಿರುತ್ತದೆ. ಅದು ಎಷ್ಟು ಹೊತ್ತು ಕುದಿಯುತ್ತದೆಂದು ಯಾರೂ ಗಡಿಯಾರ ನೋಡುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಬೆಳ್ತಿಗೆಯ ಬಿಳಿ ಅನ್ನ ಆಗದೆಂದು ಸೇವಂತಕ್ಕ ಹತ್ತು ಸೇರು ಕುಚ್ಚಿಲಕ್ಕಿಯನ್ನೇ ತುಂಬಿಸಿಕೊಂಡು ಬಂದಿದ್ದರು. ಮೂರು ದಿನದಿಂದ ದಿನಕ್ಕೆರಡು ಸಲ ಗಂಟೆಗಟ್ಟಲೆ ಆ ಸಣ್ಣ ಸಿಲಿಂಡರಿನ ಮೇಲೆ ಕುದಿಸಿದ್ದರು.

ಅಕ್ಕಿ ಕುದಿಯಲು ಹಿಡಿದು ಇಪ್ಪತ್ತು ನಿಮಿಷವಾಗಿತ್ತು. ಬೆಂಕಿ ಒಮ್ಮೆ ನೀಲಿಯಾಗಿ ಹಾರಿ ನಂದಿಹೋಯಿತು. ಸಿಲಿಂಡರು ಅಲ್ಲಾಡಿಸಿದರೆ ಖಾಲಿ. ಆಗ ಆದಂ ಕುಂಞಿ ಹೇಳಿದ್ದು ಮನಸ್ಸಿಗೆ ಹೋಯಿತು.

ತೀರ್ಥರಾಮಣ್ಣ ಮಾತ್ರೆ ನುಂಗಿ ಆಗಿತ್ತು. ಇನ್ನು ಹೊಟ್ಟೆಗೆ ಏನಾದರೂ ಬೀಳಲೇಬೇಕು. ಎರಡು ಕದಳಿ ಬಾಳೆಹಣ್ಣು ಸುಲಿದು ಕೊಟ್ಟರು. ಅವರು ತಿನ್ನುತ್ತಾ ಮೆಲ್ಲನೆ ಹೇಳಿದರು, "ತಿರುಗುವ ಸೇವಂತಿ. ಇಷ್ಟು ನೋಡಿದ್ದು ಸಾಕು. ನನ್ನಿಂದ ನಿಂಗೆ ಕಷ್ಟ."

ಸರಿಯಾಗಿ ಆಗಲೇ ಫೋನು ಬಂತು. ಬೆಳಿಯಪ್ಪ.

"ಹೇಗುಂಟು? ಊಟ ಆಯ್ತಾ?"

ಸೇವಂತಕ್ಕನಿಗೆ ಸುಳ್ಳು ಹೇಳಿ ಗೊತ್ತಿಲ್ಲ. "ಗ್ಯಾಸು ಮುಗೀತು ಬಾವ. ಅನ್ನ ಅರ್ಧ ಬೆಂದದ್ದು."

ಆಚೆಯಿಂದ ಜೋರು ನಗು. "ನಾನು ಹೇಳಿದ್ದೆಂತ? ಇವತ್ತಿಗೆ ಮೂರು ದಿನ! ಹೋಟ್ಲಲ್ಲಿ ಬೆಳ್ತಿಗೆ ತಿನ್ನಿಸಿ ನನ್ನ ತಮ್ಮನನ್ನು ಮಲಗಿಸ್ಬೇಡ. ಬನ್ನಿ, ಬನ್ನಿ. ನಾಳೆ ಮಧ್ಯಾಹ್ನ ನಮ್ಮಲ್ಲೇ ಊಟ."

"ಅನ್ನ ಬೆಂದ ಮೇಲೆ ನಾನೇ ಫೋನು ಮಾಡ್ತೇನೆ," ಎಂದು ಸೇವಂತಕ್ಕ ಫೋನು ಇಟ್ಟರು.

ಪಾತ್ರೆಯ ಮುಚ್ಚಳದಿಂದ ಇನ್ನೂ ಹಬೆ ಏಳುತ್ತಿತ್ತು. ಅದನ್ನೇ ನೋಡುತ್ತಾ ನಿಂತವರಿಗೆ ಅಮ್ಮನ ನೆನಪು ಬಂತು. ಗದ್ದೆಯಲ್ಲಿ ನೇಜಿ ನೆಡುವ ದಿನಗಳಲ್ಲಿ ಒಲೆಯ ಬಳಿ ಕೂರಲು ಯಾರಿಗೂ ಪುರುಸೊತ್ತಿರಲಿಲ್ಲ. ಅಮ್ಮ ಒಂದು ಕುದಿ ಬಂದ ಮಡಕೆಯನ್ನು ಇಳಿಸಿ, ಭತ್ತದ ಬೈಹುಲ್ಲಿನ ಒಳಗೆ ಹೂತು, ಮೇಲಿಂದ ಗೋಣಿ ಮುಚ್ಚಿ ಗದ್ದೆಗೆ ಹೋಗುತ್ತಿದ್ದರು. ಬಂದು ತೆಗೆದರೆ ಅನ್ನ ಅರಳಿರುತ್ತಿತ್ತು.

ಇಲ್ಲಿ ಬೈಹುಲ್ಲು ಇಲ್ಲ. ಕಂಬಳಿ ಉಂಟು. ಸೇವಂತಕ್ಕ ಮುಚ್ಚಳ ಬಿಗಿಮಾಡಿ, ಪಾತ್ರೆಗೆ ಮೈ ಒರೆಸುವ ಬೈರಾಸು ಸುತ್ತಿ, ಅದರ ಮೇಲೆ ಕಂಬಳಿ ಸುತ್ತಿ, ಎರಡು ತಲೆದಿಂಬಿನ ನಡುವೆ ಸಿಕ್ಕಿಸಿ ಗಂಡನ ಮಡಿಲಲ್ಲಿ ಇಟ್ಟರು.

"ಇದೆಂತ ಮಾರಾಯ್ತಿ, ಬಾಣಂತಿಯ ಮಗುವಿನ ಹಾಗೆ?"

"ಗಟ್ಟಿ ಹಿಡ್ಕೊಳ್ಳಿ. ತೆರೆದು ನೋಡಿದ್ರೆ ಕೆಟ್ಟುಹೋಗ್ತದೆ."

"ತಿರುಗುದಲ್ವಾ?"

"ಇಲ್ಲಿ ನಿಂತ್ರೂ ಬೇಯ್ತದೆ, ತಿರುಗಿದ್ರೂ ಬೇಯ್ತದೆ, ಮುಂದೆ ಹೋದ್ರೂ ಬೇಯ್ತದೆ. ಮುಂದೆಯೇ ಹೋಗುವ."

ಬೈಂದೂರು ಕಳೆಯಿತು. ಭಟ್ಕಳ ಕಳೆಯಿತು. ಲಾರಿಗಳು ಹಾರ್ನು ಹೊಡೆದು ಮುಂದೆ ಹೋದವು. ಸೇವಂತಕ್ಕ ನಲವತ್ತರ ಮೇಲೆ ಏರಿಸಲಿಲ್ಲ. ತೀರ್ಥರಾಮಣ್ಣ ಉಬ್ಬು ಬಂದಾಗಲೆಲ್ಲ ಪಾತ್ರೆಯನ್ನು ಎದೆಗೆ ಒತ್ತಿ ಹಿಡಿಯುತ್ತಿದ್ದರು. ಅವರ ಅಂಗಿ ಬೆವರಿನಿಂದ ಒದ್ದೆ. ಮುರ್ಡೇಶ್ವರದ ತಿರುವಿನ ಹತ್ತಿರ ಒಂದು ಮಾವಿನ ಮರದಡಿ ಗಾಡಿ ನಿಲ್ಲಿಸಿದರು. ಸೇವಂತಕ್ಕ ಕಂಬಳಿ ಬಿಚ್ಚಿದರು. ಒಂದು ಅಗುಳು ತೆಗೆದು ಬೆರಳಲ್ಲಿ ಒತ್ತಿದರು. ಮೆತ್ತಗೆ ಒಡೆಯಿತು.

ಮಾವಿನ ಮಿಡಿ ಉಪ್ಪಿನಕಾಯಿ, ಸುಟ್ಟು ತಂದ ಒಣಮೀನಿನ ಚಟ್ನಿ. ತೀರ್ಥರಾಮಣ್ಣ ಮೂರು ಸಲ ಬಡಿಸಿಕೊಂಡರು. ಮಡಿಲು ಇನ್ನೂ ಬಿಸಿ ಇತ್ತಂತೆ.

ಸೇವಂತಕ್ಕ ಫೋನು ತೆಗೆದರು. "ಬಾವ, ಅನ್ನ ಬೆಂತು. ನಾವು ಮುರ್ಡೇಶ್ವರದಲ್ಲಿ ಇದ್ದೇವೆ."

"ಅಲ್ಲಿ ಎಂತ? ದಾರಿ ತಪ್ಪಿತಾ?"

"ಇಲ್ಲ. ದಾರಿ ಇದೇ."

ಮರುದಿನದಿಂದ ಮೂರು ಕಲ್ಲು, ಒಣಗಿದ ತೆಂಗಿನ ಮಡಲು. ಇಪ್ಪತ್ತು ನಿಮಿಷ ಬೆಂಕಿ, ಮತ್ತೆ ಕಂಬಳಿ. ದಿನಾ ಅನ್ನ ಬೇಯುವಷ್ಟು ದೂರ ಮುಂದೆ ಹೋಗುವುದು. ಏಳನೆಯ ದಿನ ಕಾರವಾರ. ಕಾಳಿ ಸಂಕದ ಮೇಲೆ ಗಾಡಿ ನಿಲ್ಲಿಸಬಾರದೆಂದು ಸೇವಂತಕ್ಕ ನಿಲ್ಲಿಸದೆ ದಾಟಿದರು, ಆಚೆ ಬದಿಯಲ್ಲಿ ತಿರುಗಿಸಿ ಪುನಃ ದಾಟಿದರು. "ಎರಡು ಸಲ ದಾಟಿದೆ ಎಂದು ಹೇಳಿ ನಿಮ್ಮ ಅಣ್ಣನಿಗೆ," ಎಂದರು. ಈ ಸಲ ಫೋನು ಮಾಡಿದ್ದು ತೀರ್ಥರಾಮಣ್ಣ. ಅಣ್ಣನಿಗೆ ಎದುರಾಡಿ ಗೊತ್ತಿಲ್ಲದ ಅವರು ಅಂದು ಜೋರಾಗಿಯೇ ಹೇಳಿದರಂತೆ.

ಅವರು ವಾಪಸು ಬಂದು ತಿಂಗಳಾಯಿತು. ಕೀ ಸೇವಂತಕ್ಕನ ಅಡುಗೆ ಮನೆಯ ಮೊಳೆಯಲ್ಲೇ ಉಂಟು. ಬೆಳಿಯಪ್ಪ ಮೊನ್ನೆ ಬಂದು ಅಂಗಳದಲ್ಲಿ ನಿಂತು, "ಗುಜರಿಯವನು ಕೇಳ್ತಿದ್ದ," ಎಂದು ಶುರುಮಾಡಿದರು. ಸೇವಂತಕ್ಕ ದನಕ್ಕೆ ಅಕ್ಕಿ ತೊಳೆದ ಅಕ್ಕಚ್ಚು ಇಡುತ್ತಾ ತಲೆಯೆತ್ತದೆ ಹೇಳಿದರು: "ಅವನಿಗೆ ಹೇಳಿ ಬಾವ, ಗಾಡಿಗೆ ಪುರುಸೊತ್ತಿಲ್ಲ. ಬರುವ ತಿಂಗಳು ತೆಂಕಕ್ಕೆ, ಬೇಕಲದ ಕಡೆಗೆ ಹೋಗ್ಲಿಕ್ಕುಂಟು."

ಇಷ್ಟು ಬರೆದಿದ್ದೇನೆ. ನಾಳೆ ಹಾಲು ತರಲು ಹೋದಾಗ ಇದನ್ನು ಸೇವಂತಕ್ಕನಿಗೆ ಓದಿ ಹೇಳುತ್ತೇನೆ. ಅವರು ತಪ್ಪು ಎಂದದ್ದನ್ನು ತಿದ್ದಿ, ಇನ್ನೊಮ್ಮೆ ಚಂದ ಮಾಡಿ ಬರೆದು, ಸೋಮವಾರ ಗ್ರಂಥಾಲಯಕ್ಕೆ ಕೊಡುತ್ತೇನೆ.