ಬಟನ್ ಒತ್ತಾಕ ಒಬ್ಬರು

ಗೇಮ್ ಆಡೋ ಕಂಪ್ಯೂಟರ್ ಕಟ್ಟಿಸಬೇಕಂತ ಹುಬ್ಬಳ್ಳಿಯ ಅಂಗಡಿಯೊಂದರಾಗ ಕುಂತಿದ್ದೆ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎಲ್ಲಾ ಛಲೋದನ್ನ ಆರಿಸಿದೆ. ಅವನ್ನ ಕೂಡಸೋ ಡಬ್ಬಿ, ಕ್ಯಾಬಿನೆಟ್ ಮಾತ್ರ ಬರೀ ತಗಡಿಂದು ಸಾಕು ಅಂದೆ.

ಅಂಗಡಿಯವರು ಗಾಜಿನ ಬಾಜೂ ಇರೋದನ್ನ ತೋರಿಸಿದರು. "ಒಳಗ ಲೈಟ್ ಹತ್ತತಾವ್ರಿ. ಬಂದವರು ನೋಡ್ತಾರ."

"ನನ್ನ ರೂಮಿಗೆ ಯಾರ್ ಬರ್ತಾರ್ರಿ?" ಅಂದೆ. ಬೈರಿದೇವರಕೊಪ್ಪಕ್ಕ ಬಾಡಿಗಿಗೆ ಬಂದಾಗಿನಿಂದ ನನ್ನ ಹೊಸ್ತಿಲ ದಾಟಿದಾಂವ ಅಂದ್ರ ನೀರಿನ ಕ್ಯಾನ್ ಇಡಾಂವ ಒಬ್ಬನ.

ಜೋಡಿಸೋದು ಮುಗೀತು. ಅವರು ಡಬ್ಬಿಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, "ಮನಿಯವರನ್ನ ಕರೀರಿ, ಮೊದಲ್ನೇ ಸಲ ಅವರ ಕೈಲೆ ಚಾಲೂ ಮಾಡಸೂಣು" ಅಂದರು.

"ಯಾರೂ ಇಲ್ರಿ. ನೀವ ಒತ್ರಿ."

"ಮಾರಾವ್ರು ಒತ್ತಬಾರದ್ರಿ."

ಪ್ರಿಂಟರ್ ರಿಪೇರಿಗೆ ಕೊಟ್ಟು ಬಾಜೂಕ ಕುಂತಿದ್ದ ಅಜ್ಜಿಯೊಬ್ಬರು ತಾವ ಎದ್ದು ಬಂದು ಹೆಬ್ಬೆರಳಿಂದ ಬಟನ್ ಒತ್ತಿದರು. ಫ್ಯಾನ್ ತಿರುಗೋ ಸಪ್ಪಳ ಬಂತು.

"ದೀಪಾನ ಹತ್ಲಿಲ್ಲಲ್ಲೋ ತಮ್ಮಾ?"

"ಇದ್ರಾಗ ಲೈಟ್ ಇಲ್ರಿ ಅಜ್ಜಿ. ಒಬ್ಬನ ಇರ್ತೇನಿ, ಯಾರಿಗೆ ಬೇಕು?"

"ನಾಕ್ ಮಂದಿ ಇದ್ದ ಮನ್ಯಾಗ ಯಾರರ ದೀಪಾ ಹಚ್ಚಿರ್ತಾರ. ಒಬ್ಬನ ಇರಾಂವಗನ ಅದು ಬೇಕಾಗೂದು."

ಅಂಗಡಿಯವರು ನನ್ನ ಮಾರಿ ನೋಡಿದರು. ನಾ ಹೂಂ ಅಂದೆ. ಅವರು ಗಾಜಿನ ಡಬ್ಬಿ ತಂದಿಟ್ಟು, ತಗಡಿಂದನ್ನ ಬಿಚ್ಚಾಕ ಹತ್ತಿದರು.

ಈಗ ಸಂಜಿಕೆ ಕೆಲಸದಿಂದ ಬಂದಾಂವ ಮೊದಲು ಅದರ ಬಟನ್ ಒತ್ತತೇನಿ, ಆಮ್ಯಾಲೆ ಚಪ್ಪಲಿ ಬಿಡತೇನಿ. ಮೊನ್ನೆ ಕ್ಯಾನ್ ಇಡಾಂವ ಲೈಟ್ ನೋಡಕೋತ ನಿಂತು, ಯಾವ ಗೇಮ್ ಆಡ್ತೀರಿ ಅಂತ ಕೇಳಿದ. ಇನ್ನೂ ಒಂದೂ ಹಾಕಿಲ್ಲ ಅಂತ ಹ್ಯಾಂಗ ಹೇಳೂದು?