ಹದಿನೈದನೇ ಗಂಟು

ಮದ್ದೂರಿನ ಪೇಟೆಬೀದಿಗೆ ಇನ್ನೂ ಬೆಳಕು ಹರಿದಿಲ್ಲ. ಹನಕೆರೆ ಕಡೆಯ ಮೊದಲ ಬಸ್ಸಿಳಿದು ಬಂದ ಚಲುವಮ್ಮ, ಬಾಗಿಲು ಹಾಕಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಗೋಣಿತಾಟು ಹಾಸಿ ಕೂತಿದ್ದಾರೆ. ಎಡಗಾಲ ಹೆಬ್ಬೆರಳಿಗೆ ಬಾಳೆನಾರು ಸಿಕ್ಕಿಸಿ ಬಿಗಿ ಹಿಡಿದಿದ್ದಾರೆ. ಎರಡು ಹೂವು ಈ ಕಡೆ, ಎರಡು ಆ ಕಡೆ, ಒಂದು ಸುತ್ತು, ಒಂದು ಗಂಟು. ಕಣ್ಣು ಮಾತ್ರ ಕೈಯ ಮೇಲಿಲ್ಲ. ಪಡುವಣಕ್ಕೆ ಇಳಿಯುತ್ತಿರುವ, ತುಂಬಲು ಚೂರೇ ಬಾಕಿಯಿರುವ ಚಂದ್ರನ ಮೇಲಿದೆ.

"ಇವತ್ತೇ. ನಾಳೆ ಅಲ್ಲ," ಅನ್ನುತ್ತಾರೆ, ತಮಗೆ ತಾವೇ.

ಇವತ್ತು ಹೊತ್ತು ಮುಳುಗಿದರೆ ಶಾಬಾನ್ ತಿಂಗಳ ಹದಿನೈದನೇ ರಾತ್ರಿ, ಶಬೇ ಬರಾತ್. ಮುಸಲ್ಮಾನರು ಎದ್ದು ಕೂತು ಪ್ರಾರ್ಥಿಸುವ, ತಮ್ಮ ಸತ್ತವರ ಗೋರಿಗೆ ಹೂವು ಹಾಸಿ ಅವರಿಗಾಗಿ ಕ್ಷಮೆ ಬೇಡುವ ರಾತ್ರಿ. ಚಲುವಮ್ಮ ಕಟ್ಟುತ್ತಿರುವುದು ಆ ಗೋರಿಗಳ ಚಾದರ: ನಾಲ್ಕು ಮೊಳ ಉದ್ದ, ಎರಡು ಮೊಳ ಅಗಲದ ಹೂವಿನ ಬಲೆ. ಸಂಜೆಯೊಳಗೆ ಹನ್ನೊಂದು ಆಗಬೇಕು. ಹತ್ತು ಗಿರಾಕಿಗಳದ್ದು. ಹನ್ನೊಂದನೆಯದು ನೂರ್‌ಬಿಯವರದ್ದು.

ಹನಕೆರೆಯ ಆಚೆಗಿನ ಒಂದು ಹಳ್ಳಿಯ ದಲಿತ ಕೇರಿ ಚಲುವಮ್ಮನವರದು. ವಯಸ್ಸು ಐವತ್ತೆಂಟು, ಅದರಲ್ಲಿ ಮೂವತ್ತು ವರ್ಷ ಈ ಮೆಟ್ಟಿಲ ಮೇಲೆ. ದಿನಕ್ಕೆ ಅರವತ್ತು ಮೊಳ, ಮದುವೆಯ ಕಾಲದಲ್ಲಿ ನೂರರ ಮೇಲೆ. ಅವರೂರಿನ ಗುಡಿಗೆ ಅವರ ಕೈಯ ಹೂವು ಆಗುವುದಿಲ್ಲ. ಊರ ಯಜಮಾನರು ಮದ್ದೂರಿಗೆ ಬಂದು, ಯಾರು ಕಟ್ಟಿದ್ದೆಂದು ಕೇಳದೆ, ಅವರದೇ ಹಾರವನ್ನು ಅಂಗಡಿಯಿಂದ ಕೊಂಡು ಅದೇ ದೇವರ ಕೊರಳಿಗೆ ಏರಿಸುತ್ತಾರೆ. ದೇವರಿಗೆ ಮೈಲಿಗೆಯಾದ ಸುದ್ದಿ ಇದುವರೆಗೂ ಬಂದಿಲ್ಲ. ಚಲುವಮ್ಮ ಮಾತ್ರ ನಕ್ಕು, "ಆ ಹೂವ್ಗೆ ಬಾಯಿಲ್ಲ ಬುಡಿ, ಅದ್ಕೇ ಒಳಕ್ಕೋಯ್ತದೆ," ಅನ್ನುತ್ತಾರೆ.

ಇದೇ ಮೆಟ್ಟಿಲ ಇನ್ನೊಂದು ತುದಿಯಲ್ಲಿ ಇಪ್ಪತ್ತಮೂರು ವರ್ಷ ಕೂತವರು ನೂರ್‌ಬಿ. ಮಳವಳ್ಳಿಯಿಂದ ಮದ್ದೂರಿಗೆ ಸೊಸೆಯಾಗಿ ಬಂದವರು. ಗಂಡ ಬೇಗ ಹೋದ, ಮಕ್ಕಳಿಲ್ಲ, ತವರಲ್ಲಿ ಯಾರೂ ಉಳಿದಿಲ್ಲ. ಒಂದೇ ಬುತ್ತಿಯಲ್ಲಿ ಇಬ್ಬರ ಊಟ. ಯಾವಾಗ ಹೂವು ಹೆಚ್ಚು ತರಿಸಬೇಕು, ಯಾವಾಗ ಕೈಕಟ್ಟಿ ಕೂರಬೇಕು ಎಂದು ಗೊತ್ತಾಗಲೆಂದೇ ನೂರ್‌ಬಿ ಈ ಗೆಳತಿಗೆ ತಮ್ಮ ಹನ್ನೆರಡು ತಿಂಗಳನ್ನು ಬಾಯಿಪಾಠ ಮಾಡಿಸಿದರು. ಚಲುವಮ್ಮ ಅದನ್ನು ಈಗಲೂ ಒಪ್ಪಿಸುತ್ತಾರೆ, ಕೈ ನಿಲ್ಲಿಸದೆ.

"ಮೊದ್ಲು ಮೊಹರಂ. ಅವ್ರ ವರ್ಸ ಸುರುವಾಗಾದೇ ದುಕ್ಕದಲ್ಲಿ ಕಣಪ್ಪ, ಪೈಗಂಬರ್ರ ಮೊಮ್ಮಗನ್ನ ಗುಟುಕು ನೀರೂ ಕೊಡ್ದೆ ಕೊಂದ್ರಂತಲ್ಲ. ನಮ್ಮಳ್ಳೀಲಿ ಅದೇ ಬಾಬಯ್ಯನಬ್ಬ. ಆಮೇಲೆ ಸಫರು, ಮೊದಲ ಅದ್ಮೂರು ದಿನ ಯಾರೂ ಒಳ್ಳೆ ಕೆಲ್ಸಕ್ಕೆ ಕೈ ಆಕಾಕಿಲ್ಲ. ಅದಾದ್ಮೇಲೆ ಪೈಗಂಬರು ಉಟ್ಟಿದ್ ತಿಂಗ್ಳು. ಅದ್ರಿಂದೆ ಗ್ಯಾರವಿ, ಬಾಗ್ದಾದಿನ ಗುರುಗಳ ಅಬ್ಬ. ಎರಡು ಜಮಾದಿ ತಿಂಗ್ಳೂ ಬರೀ ಮದುವೆ. ರಜಬಲ್ಲಿ ಪೈಗಂಬರು ಒಂದೇ ರಾತ್ರೀಲಿ ಆಕಾಸಕ್ಕೋಗಿ ಬಂದ್ರಂತೆ. ಸಾಬಾನು ಸತ್ತೋರ್ನ ನೆನೆಯಾದು. ರಂಜಾನು ಉಪಾಸದ್ದು, ಕುರಾನು ಇಳ್ದಿದ್ದು ಅವಾಗ್ಲೇ. ಸವ್ವಾಲು ಉಂಡು ನಗಾದು. ಆಮೇಲೊಂದು ಖಾಲಿ ತಿಂಗ್ಳು, ಅದ್ರಲ್ಲಿ ಅಬ್ಬನೇ ಇಲ್ಲ. ಕೊನೇದು ಮೆಕ್ಕಾಕ್ಕೆ ಅಜ್‌ಗೆ ಓಗಾದು, ಬಕ್ರೀದು."

ಮೆಟ್ಟಿಲ ಆ ತುದಿಯ ಕಡೆ ನೋಡಿ, "ನಂಗೀಗ ಎಲ್ಲಾ ತಿಂಗ್ಳೂ ಖಾಲಿನೇ," ಅನ್ನುತ್ತಾರೆ.

ಏಳು ವರ್ಷದ ಹಿಂದೆ, ರಜಬ್ ತಿಂಗಳಲ್ಲಿ, ಎರಡೇ ದಿನದ ಜ್ವರಕ್ಕೆ ನೂರ್‌ಬಿ ತೀರಿಕೊಂಡರು. ಮಗ್ಗುಲಲ್ಲಿ ಬರಿದಾದ ಜಾಗ ನೋಡಲಾರದೆ ಚಲುವಮ್ಮ ಒಂದೂವರೆ ತಿಂಗಳು ಪೇಟೆಗೇ ಬರಲಿಲ್ಲ. ಕಬ್ಬಿನ ಗದ್ದೆಯ ಮೇಲೆ ಶಾಬಾನಿನ ಎಳೆಚಂದ್ರ ಕಂಡದ್ದನ್ನು ನೋಡಿಕೊಂಡು, ಮಾರನೇ ಬೆಳಗ್ಗೆಯಿಂದ ದಿನಕ್ಕೊಂದರಂತೆ ಬಾಳೆನಾರಿಗೆ ಗಂಟು ಹಾಕಿದರು. ಹದಿನೈದನೇ ಗಂಟು ಬಿದ್ದ ದಿನ ಚಾದರ ಕಟ್ಟಿ, ಸಂಜೆ ಊರಾಚೆಯ ಖಬರಸ್ತಾನದ ಗೇಟಿಗೆ ಬಂದರು.

ಗೇಟಿನಿಂದ ಕಂಡ ಗೋರಿಗಳೆಲ್ಲ ಬಾಡಿದ ಹೂವಿನಲ್ಲಿದ್ದವು. ಶಬೇ ಬರಾತ್ ಹಿಂದಿನ ರಾತ್ರಿಯೇ ಮುಗಿದಿತ್ತು. ಮುಸಲ್ಮಾನರ ದಿನ ಶುರುವಾಗುವುದು ಹೊತ್ತು ಹುಟ್ಟಿದಾಗ ಅಲ್ಲ, ಮುಳುಗಿದಾಗ. ಗಂಟು ಬೀಳಬೇಕಿದ್ದದ್ದು ಚಂದ್ರ ಕಂಡ ಸಂಜೆಯೇ. ಇಪ್ಪತ್ತಮೂರು ವರ್ಷ ಆ ಲೆಕ್ಕ ನೂರ್‌ಬಿಯವರದ್ದಾಗಿತ್ತು, ಕೇಳುವ ಅಗತ್ಯವೇ ಬಿದ್ದಿರಲಿಲ್ಲ.

"ಅಷ್ಟೂ ಗೋರಿಗೆ ಹೂವಿತ್ತು. ನಮ್ಮ ನೂರಕ್ಕಂದೊಂದು ಬರೀ ಮಣ್ಣಂತೆ. ಊರ್ಗೆಲ್ಲಾ ಹೂ ಕಟ್ಟಿದೋಳು, ರಾತ್ರಿಯೆಲ್ಲಾ ನನ್ ದಾರಿ ಕಾದವ್ಳೆ," ಅನ್ನುವಾಗ ಮೂವತ್ತು ವರ್ಷದಲ್ಲಿ ನಿಲ್ಲದ ಕೈ ನಿಲ್ಲುತ್ತದೆ.

ಅವತ್ತಿನಿಂದ ಸಂಜೆಗೇ ಗಂಟು. ಏಳು ವರ್ಷದಲ್ಲಿ ಮತ್ತೆ ತಪ್ಪಿಲ್ಲ. ಹಬ್ಬಕ್ಕೊಂದು ಫೋಟೋ ಹಾಕಿ ಸೌಹಾರ್ದವೆಂದು ಕೈತೊಳೆದುಕೊಳ್ಳುವ ನಮಗೆ ಈ ನಾರಿನ ಗಂಟು ಕಣ್ಣಿಗೆ ಬಿದ್ದಿಲ್ಲ. ಕಂಡವರು ಚುಚ್ಚುತ್ತಾರೆ. ಹೊತ್ತೇರಿದ ಮೇಲೆ ಬಂದ ಬಿಳಿ ಅಂಗಿಯವರೊಬ್ಬರು, "ಏನಮ್ಮೋ, ಸಾಬ್ರ ಗೋರಿಗೂ ನೀನೇ ಹೂ ಕಟ್ತೀಯಂತೆ?" ಅಂತ ರಾಗ ಎಳೆಯುತ್ತಾರೆ.

"ನಿಮ್ದುಕ್ಕೂ ಕಟ್ತೀನಿ ಬುಡಣ್ಣ, ಅವಸ್ರ ಮಾಡ್ಬ್ಯಾಡಿ."

ಬೀದಿಯೇ ನಗುತ್ತದೆ.

ಸಂಜೆ ಐದೂವರೆಗೆ ಹತ್ತು ಚಾದರವೂ ಹೋಗಿವೆ. ಚಳಿಗೆ ಮಲ್ಲಿಗೆ ಸಿಕ್ಕಿಲ್ಲ. ಕಾಕಡ ಮತ್ತು ಗುಲಾಬಿಯ ಹನ್ನೊಂದನೆಯದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಚಲುವಮ್ಮ ಖಬರಸ್ತಾನದ ಗೇಟಿಗೆ ಬರುತ್ತಾರೆ. ಇಲ್ಲಿಯ ರೂಢಿಯಂತೆ ಹೆಂಗಸರು ಗೇಟು ದಾಟುವುದಿಲ್ಲ. ಅವರ ಕೇರಿಯಲ್ಲೂ ಹೆಣದ ಹಿಂದೆ ಹೆಂಗಸರು ಹೋಗುವುದಿಲ್ಲ. ಹೊತ್ತು, ಹೆತ್ತು, ಕಟ್ಟಿಕೊಟ್ಟವರನ್ನು ಕೊನೆಯ ಮಣ್ಣಿನಿಂದ ದೂರ ನಿಲ್ಲಿಸುವುದರಲ್ಲಿ ಎಲ್ಲ ಊರಿಗೂ ಎಷ್ಟು ಒಗ್ಗಟ್ಟು! ಏಳು ವರ್ಷದಿಂದ ಅಳತೆ ಬಿಟ್ಟರೆ ಆ ಗೋರಿಯ ಬಗ್ಗೆ ಚಲುವಮ್ಮನವರಿಗೆ ಏನೂ ತಿಳಿಯದು.

ಗುಂಡಿ ತೋಡುವ ಬುಡನ್ ಸಾಬರು ಎದುರಾಗುತ್ತಾರೆ. "ಏನಕ್ಕಾ, ನಮ್ಮೋರ್ಗಿಂತ ಮುಂಚೆ ನೀನೇ ಬತ್ತೀಯಲ್ಲ."

"ನಿಮ್ಮೋರ್ಗೆಲ್ಲಾ ಮಕ್ಕಳು ಮರಿ ಅವ್ರೆ. ಅವ್ಳಿಗೆ ನಾನೊಬ್ಳೇ. ಗುಲಾಬಿ ಇರಾ ಕಡೆ ತಲೆಗೆ ಬರ್ಲಿ ಕಣಣ್ಣ. ಓದ್ಸಲ ತಿರುವುಮುರುವು ಆಕಿದ್ರೇನೋ."

"ನಿಂಗೆಂಗೆ ಗೊತ್ತು? ನೋಡಿದ್ಯಾ?"

"ನೋಡಿಲ್ಲ. ಅದ್ಕೇ ಏಳ್ತಿವ್ನಿ."

ಬುಡನ್ ಸಾಬರು ತಲೆ ತಗ್ಗಿಸಿ, ಚಾದರವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ನಡೆಯುತ್ತಾರೆ. ಚಲುವಮ್ಮ ಗೇಟಿನ ಕಂಬಿ ಹಿಡಿದು, ಹೊಂಗೆಮರದ ಹಿಂದೆ ಅವರು ಮರೆಯಾಗುವವರೆಗೂ ನೋಡುತ್ತಾರೆ.

"ಒಂದ್ಸಲ ಒಳಕ್ಕೋಗ್ಬೇಕು. ನನ್ ಕೈಯಾರೆ ಹಾಸಿ, ಒಂದ್ಗಳಿಗೆ ಮಗ್ಗುಲಲ್ಲಿ ಕೂತಿದ್ದು ಎದ್ದು ಬರಬೇಕು. ಇನ್ನೇನೂ ಬ್ಯಾಡ," ಅನ್ನುತ್ತಾರೆ.

ಶಿಂಷೆಯ ಕಡೆ ಹೊತ್ತು ಮುಳುಗುತ್ತದೆ. ಸೊಂಟದಿಂದ ಹದಿನಾಲ್ಕು ಗಂಟಿನ ನಾರು ತೆಗೆದು ಚಲುವಮ್ಮ ಹದಿನೈದನೇ ಗಂಟು ಬಿಗಿಯುತ್ತಾರೆ.

"ಈಗ ಸುರುವಾಯ್ತು ನೋಡಿ ಅವ್ಳ ದಿನ. ನಾನಾಗ್ಲೇ ಬಂದಿವ್ನಿ."